ಸ್ಮಶಾನದಲ್ಲಿ ಕಾಯುತ್ತಾ ಕೂತ ಆ ಯೋಗಿ ಎಲ್ಲಿ ಹೋದ?

ಬ್ಲಾಗಿಗ ಮಿತ್ರರೇ, ಒಂದು ಚಿಕ್ಕ ಪರೀಕ್ಷೆ. ವಿಕ್ರಮ ಬೇತಾಳನ ಕತೆ ಗೊತ್ತಲ್ಲ? ಮರ, ಮರದಲ್ಲಿ ನೇತಾಡುವ ಹೆಣ, ಅದನ್ನು ಹೆಗಲಿಗೆ ಹಾಕಿಕೊಂಡು ನಡೆಯುವ ರಾಜ, ಹೆಣದೊಳಗಿಂದ ಬೇತಾಳ ಹೇಳುವ ಕತೆ, ಕೊನೆಗೊಂದು ಪ್ರಶ್ನೆ. ರಾಜ ಬಾಯಿ ಬಿಟ್ಟ, ಹೆಣ ಮತ್ತೆ ಮರಕ್ಕೆ. ಇಷ್ಟು ಎಲ್ಲರಿಗೂ ಗೊತ್ತು. ಈಗ ಹೇಳಿ, ಆ ಹೆಣವನ್ನು ವಿಕ್ರಮ ಹೊತ್ತುಕೊಂಡು ಹೋಗುತ್ತಿದ್ದದ್ದು ಯಾರಿಗೋಸ್ಕರ? ಕೊನೆಗೆ ಏನಾಯ್ತು?

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇದನ್ನು ಕೇಳಿ ನೋಡಿದೆ. ಏಳು ಜನ, ಎಲ್ಲರೂ ಮೈಸೂರು, ಮಂಡ್ಯ, ಹಾಸನದ ಕಡೆಯವರೇ. ಒಬ್ಬರಿಗೂ ಕೊನೆ ಗೊತ್ತಿಲ್ಲ. ಅದೇ ಏಳು ಜನರನ್ನು, ವೊಲ್ಡೆಮಾರ್ಟ್ ತನ್ನ ಆತ್ಮವನ್ನು ಎಲ್ಲೆಲ್ಲಿ ಬಚ್ಚಿಟ್ಟಿದ್ದ ಅಂತ ಕೇಳಿದರೆ ಡೈರಿ, ಉಂಗುರ, ಲಾಕೆಟ್ಟು, ಬಟ್ಟಲು, ಕಿರೀಟ, ಹಾವು ಅಂತ ಪಟಪಟ ಒಪ್ಪಿಸಿದರು. ಆಮೇಲೆ ಎರಡು ಮಾತು ಬಂತು. ಒಬ್ಬ ಅಂದ, "ನಮ್ಮಲ್ಲಿ ವೊಲ್ಡೆಮಾರ್ಟ್ ಥರದ ವಿಲನ್ ಎಲ್ಲಿದ್ದಾನೆ ಮಗಾ? ನಮ್ಮ ಮಂತ್ರವಾದಿ ಅಂದ್ರೆ ಗಡ್ಡ ಬಿಟ್ಕೊಂಡು ಹ್ಹ ಹ್ಹ ಹ್ಹಾ ಅಂತ ನಗೋದು ಅಷ್ಟೇ." ಇನ್ನೊಬ್ಬರು, ಎರಡು ಮಕ್ಕಳ ತಂದೆ, ಗಂಭೀರವಾಗಿ ಹೇಳಿದರು, "ಆ ಕತೆಗಳನ್ನೆಲ್ಲ ಮಕ್ಕಳಿಗೆ ಹೇಳಲೇಬಾರದು. ಬರೀ ಮೂಢನಂಬಿಕೆ."

ಈ ಎರಡೂ ಮಾತು ಶುದ್ಧ ತಪ್ಪು ಅನ್ನುವುದು ನನ್ನ ವಾದ. ಅಷ್ಟೇ ಅಲ್ಲ, ಎರಡನೇ ಮಾತು ಅಪಾಯಕಾರಿ ಕೂಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ. ಕಾಮೆಂಟಿನಲ್ಲಿ ಬೈಯೋದಿದ್ದರೆ ಕೊನೆಯವರೆಗೆ ಓದಿ ಬೈಯಿರಿ :-)

ಮೊದಲು ಮರೆತುಹೋದ ಆ ಭಾಗವನ್ನು ನೆನಪಿಸಿಬಿಡೋಣ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ, ಊರು ಗೋದಾವರಿ ದಡದ ಪ್ರತಿಷ್ಠಾನ. ಅವನ ಸಭೆಗೆ ಕ್ಷಾಂತಿಶೀಲ ಅನ್ನುವ ಒಬ್ಬ ಭಿಕ್ಷು ದಿನಾ ಬರುತ್ತಾನೆ. ಒಂದು ಹಣ್ಣು ಕೊಡುತ್ತಾನೆ, ಹೋಗುತ್ತಾನೆ. ಏನೂ ಕೇಳುವುದಿಲ್ಲ. ಹೀಗೆ ಹತ್ತು ವರ್ಷ! ಒಂದು ದಿನ ಅರಮನೆಯ ಕೋತಿಯೊಂದು ಆ ಹಣ್ಣನ್ನು ಕಚ್ಚಿದಾಗ ಒಳಗಿಂದ ರತ್ನ ಉದುರುತ್ತದೆ. ಉಗ್ರಾಣ ತೆಗೆಸಿ ನೋಡಿದರೆ ರತ್ನಗಳ ರಾಶಿ. ರಾಜನಿಗೆ ಋಣದ ಭಾರ. "ಏನಾಗಬೇಕು ಸ್ವಾಮಿ?" ಅಂತ ಇವನೇ ಕೇಳುತ್ತಾನೆ. ಆಗ ಬರುತ್ತದೆ ನೋಡಿ ಬೇಡಿಕೆ: ಅಮಾವಾಸ್ಯೆ ಕಡೆಯ ರಾತ್ರಿ, ಸ್ಮಶಾನಕ್ಕೆ, ಒಬ್ಬನೇ ಬಾ. ನನ್ನ ಸಾಧನೆಗೆ ನಿನ್ನಂಥ ವೀರನ ಸಹಾಯ ಬೇಕು.

ಕೊನೆಯ ಕತೆಯ ಪ್ರಶ್ನೆಗೆ ರಾಜನಿಗೆ ಉತ್ತರ ಗೊತ್ತಾಗುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಮೆಚ್ಚಿದ ಬೇತಾಳ ಗುಟ್ಟು ಬಿಡುತ್ತಾನೆ. ಆ ಭಿಕ್ಷು ನಿನ್ನನ್ನೇ ಬಲಿ ಕೊಡುವವನಿದ್ದಾನೆ. ಸಾಷ್ಟಾಂಗ ನಮಸ್ಕಾರ ಮಾಡು ಅನ್ನುತ್ತಾನೆ, ನೀನು ನೆಲಕ್ಕೆ ಮುಖ ಹಾಕಿದ ತಕ್ಷಣ ಕತ್ತು ಹೋಯಿತು ಅಂತ ತಿಳಿ. ರಾಜ ಏನು ಮಾಡಿದ? ಯುದ್ಧ ಮಾಡಲಿಲ್ಲ, ಪ್ರತಿಮಂತ್ರ ಹಾಕಲಿಲ್ಲ. "ನಾನು ರಾಜ, ಯಾರಿಗೂ ಅಡ್ಡಬಿದ್ದು ಗೊತ್ತಿಲ್ಲ, ಹೇಗೆ ಅಂತ ನೀವೇ ಒಮ್ಮೆ ಮಾಡಿ ತೋರಿಸಿ" ಅಂದ. ತೋರಿಸಲು ಬಗ್ಗಿದ ಭಿಕ್ಷುವಿನ ತಲೆ ಹೋಯಿತು. ಕತೆ ಮುಗಿಯಿತು.

ಇದು ಸಪ್ಪೆ ಖಳನಾಯಕನಾ? ಹತ್ತು ವರ್ಷ ದಿನಾ ರತ್ನ ಸುರಿದು ಒಂದು ರಾತ್ರಿಗೋಸ್ಕರ ಕಾದ ಮನುಷ್ಯ! ಅವನು ನಗುವುದಿಲ್ಲ, ಕಿರುಚುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಸೋಷಿಯಲ್ ಇಂಜಿನಿಯರಿಂಗ್ ಅನ್ನುತ್ತಾರೆ. ಕಂಪ್ಯೂಟರಿನ ಬೀಗ ಒಡೆಯುವುದಲ್ಲ, ಬೀಗದ ಕೈ ಇಟ್ಟುಕೊಂಡಿರುವ ಮನುಷ್ಯನ ವಿಶ್ವಾಸ ಗಳಿಸಿ ಅವನ ಕೈಯಿಂದಲೇ ತೆಗೆಸುವುದು. ಸಾವಿರ ವರ್ಷದ ಹಿಂದೆಯೇ ಅದನ್ನು ಇಷ್ಟು ಚೊಕ್ಕವಾಗಿ ಬರೆದಿಟ್ಟಿದ್ದಾರೆ. ಸೋಮದೇವ ತನ್ನ ಕತೆಗಳಿಗೆ ಮೂಲ ಅಂತ ಹೇಳುವುದು ಗುಣಾಢ್ಯನ ಬೃಹತ್ಕಥೆಯನ್ನು. ಆ ಬೃಹತ್ಕಥೆಯನ್ನು ಗಂಗರ ದೊರೆ ದುರ್ವಿನೀತ ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ಗಂಗರ ರಾಜಧಾನಿ ತಲಕಾಡು ಇಲ್ಲೇ, ನಮ್ಮ ಟಿ. ನರಸೀಪುರದ ಆಚೆ. ಅಂದರೆ ಈ ಕತೆಗಳ ಬಳಗ ನಮಗೆ ದೂರದ ನೆಂಟರೇನಲ್ಲ.

ಈಗ ವೊಲ್ಡೆಮಾರ್ಟ್ ಕಡೆ ಬರೋಣ. ನಾನೂ ಹ್ಯಾರಿ ಪಾಟರ್ ಓದಿಯೇ ಬೆಳೆದವನು, ಆ ಪುಸ್ತಕಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನ ಏಳುಬೀಳನ್ನು ಸ್ವಲ್ಪ ಬಿಡಿಸಿ ನೋಡಿ. 1997ರ ಮೊದಲ ಪುಸ್ತಕದಲ್ಲಿ ಅವನಿಗೆ ಸ್ವಂತ ಮೈಯೇ ಇಲ್ಲ, ಕ್ವಿರೆಲ್ ಅನ್ನುವ ಮೇಷ್ಟ್ರ ತಲೆಯ ಹಿಂಭಾಗದಲ್ಲಿ ಬಾಡಿಗೆಗಿದ್ದಾನೆ. 2000ದ ನಾಲ್ಕನೇ ಪುಸ್ತಕದಲ್ಲಿ ಮೈ ಬರಬೇಕಾದರೆ ಶಿಷ್ಯನ ಕೈ ಬೇಕು, ವೈರಿಯ ರಕ್ತ ಬೇಕು. 2007ರ ಕೊನೆಯ ಪುಸ್ತಕದಲ್ಲಿ ಸಾಯುವುದು ತಾನೇ ಬಿಟ್ಟ ಮಂತ್ರ ತನಗೇ ತಿರುಗಿ. ಇನ್ನು ಪ್ರಾಣವನ್ನು ಮೈಯಿಂದ ಹೊರಗೆ ಬಚ್ಚಿಡುವ ಉಪಾಯ? ಏಳು ಸಮುದ್ರದ ಆಚೆ, ಒಂದು ಮರ, ಮರದ ಪೊಟರೆಯಲ್ಲಿ ಗಿಣಿ, ಗಿಣಿಯಲ್ಲಿ ಮಾಂತ್ರಿಕನ ಪ್ರಾಣ ಅಂತ ನಮ್ಮ ಅಜ್ಜಿಯರು ಕೈತುತ್ತು ಹಾಕುತ್ತಾ ಹೇಳುತ್ತಿದ್ದರಲ್ಲ, ಅದೇ. ಬಾಲನಾಗಮ್ಮನ ಕತೆಯ ಮಾಯಲ ಮರಾಠಿಯದ್ದೂ ಅದೇ ಗಿಣಿ. 1966ರಲ್ಲಿ ರಾಜಣ್ಣ ನಟಿಸಿದ ಬಾಲನಾಗಮ್ಮ ಕನ್ನಡದಲ್ಲೂ ಬಂತು. ವ್ಯತ್ಯಾಸ ಇಷ್ಟೇ: ನಮ್ಮವನು ಬ್ಯಾಕಪ್ಪೇ ಇಲ್ಲದೆ ಒಂದೇ ಕಡೆ ಇಟ್ಟ, ಇಂಗ್ಲೆಂಡಿನವನು ಹಲವು ಬ್ಯಾಕಪ್ ಮಾಡಿದ. ಅಷ್ಟು ಮಾಡಿಯೂ ಉಳಿಯಲಿಲ್ಲ ಬಿಡಿ :-)

ಇಷ್ಟೆಲ್ಲ ಹೇಳಿದ್ದು ಯಾರದನ್ನು ಯಾರು ಕದ್ದರು ಅಂತ ಜಗಳ ತೆಗೆಯಲಿಕ್ಕಲ್ಲ. ಪ್ರಾಣ ಬಚ್ಚಿಡುವ ಕತೆ ಲೋಕದ ಎಷ್ಟೋ ಕಡೆ ಇದೆ. ನನಗೆ ಬೇಕಾದ್ದು ಒಂದೇ ಅಂಶ. ಎಲ್ಲ ಕಡೆಯೂ, ಎಲ್ಲ ಕಾಲದಲ್ಲೂ, ಕತೆಯ ಕೆಟ್ಟ ಮಾಂತ್ರಿಕನಿಗೆ ಸ್ವಂತ ಬಂಡವಾಳ ಇಲ್ಲ. ಅವನು ಮೇಲೇರುವುದು ಇನ್ನೊಬ್ಬರ ಹೆಗಲ ಮೇಲೆ, ಇನ್ನೊಬ್ಬರ ರಕ್ತದಲ್ಲಿ. ಅವನು ಬೀಳುವುದು ಆ ಇನ್ನೊಬ್ಬರು "ಯಾಕೆ" ಅಂತ ಕೇಳಿದ ಗಳಿಗೆಯಲ್ಲಿ. ಈ ಒಂದು ಸತ್ಯವನ್ನು ಮಕ್ಕಳ ತಲೆಗೆ ಇಳಿಸಲಿಕ್ಕೇ ಆ ಕತೆಗಳು ಇದ್ದದ್ದು.

ಇದನ್ನು ಮೈಸೂರು ಸೀಮೆಯವರಿಗೆ ಇನ್ನೂ ಚೆನ್ನಾಗಿ ಹೇಳುವ ಕತೆಯಿದೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಲೆಯ ಮಾದೇಶ್ವರ ಕಾವ್ಯ ನೋಡಿ, ಅಥವಾ ಕಂಸಾಳೆಯವರು ಹಾಡುವಾಗ ಕೂತು ಕೇಳಿ. ಅಲ್ಲಿನ ಶ್ರವಣ ದೊರೆ ಮಂತ್ರವಾದಿಯಲ್ಲ, ಅಸುರ ದೊರೆ. ಆದರೆ ಅವನ ಏಳುಬೀಳು ಇದೇ ಅಚ್ಚಿನದ್ದು. ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟು ಚಾಕರಿ ಮಾಡಿಸಿಕೊಂಡವನು ಅವನು. ಅಂಥವನು ಬಿದ್ದದ್ದು ಯಾವ ದಿವ್ಯಾಸ್ತ್ರದಿಂದ? ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತದೆ, ಆದರೆ ಆಯುಧ ಬದಲಾಗುವುದಿಲ್ಲ. ಮಾದಪ್ಪ ಹರಳಯ್ಯನ ಕೈಯಲ್ಲಿ ಮಾಡಿಸಿದ ಒಂದು ಜೊತೆ ಮೆಟ್ಟು! ಲೋಕ ಗೆದ್ದವನನ್ನು ಉರುಳಿಸಿದ್ದು ಚಪ್ಪಲಿ ಹೊಲಿಯುವವನ ಕೈಕೆಲಸ. "ನಮ್ಮಲ್ಲಿ ಡಾರ್ಕ್ ಲಾರ್ಡ್ ಇಲ್ಲ" ಅನ್ನುವವರು ಒಂದು ಸಲ ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತಿ ಬರಲಿ.

ಹಾಗಾದರೆ ಈ ಖಳನನ್ನು ಕತೆಯಿಂದ ಓಡಿಸಿದವರು ಯಾರು? ನಾನು ಮೂವರ ಮೇಲೆ ಬೆರಳು ತೋರಿಸುತ್ತೇನೆ.

ಮೊದಲನೆಯದು, ನೋವಿನಿಂದಲೇ ಹೇಳಬೇಕು, ನಮ್ಮೆಲ್ಲರ ಪ್ರೀತಿಯ ಚಂದಮಾಮ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಪತ್ರಿಕೆ. ಅದರ ಬೇತಾಳ ಕತೆಗಳು ಎಷ್ಟು ಜನಪ್ರಿಯ ಆದವು ಅಂದರೆ ಮೂಲದ ಇಪ್ಪತ್ತೈದು ಮುಗಿದರೂ ನಿಲ್ಲಿಸಲಾಗಲಿಲ್ಲ. ಹೊಸ ಹೊಸ ಕತೆಗಳನ್ನು ಅದೇ ಚೌಕಟ್ಟಿನಲ್ಲಿ ಕೂರಿಸುತ್ತಾ ದಶಕಗಟ್ಟಲೆ ನಡೆಸಿದರು. 2020ರಲ್ಲಿ ತೀರಿಕೊಂಡ ಕಲಾವಿದ ಶಂಕರ್ ಬಿಡಿಸಿದ ಆ ಚಿತ್ರ, ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ, ಯಾರ ಕಣ್ಣಿಗೆ ಕಟ್ಟಿಲ್ಲ ಹೇಳಿ? ಆದರೆ ಚಿತ್ರದಲ್ಲಿ ಇಲ್ಲದವನು ಯಾರು ಗಮನಿಸಿ. ಆ ಯೋಗಿ! ರಾಜ ಸ್ಮಶಾನ ತಲುಪಿದರೆ ಅಂಕಣ ಮುಗಿಯುತ್ತಲ್ಲ, ಹಾಗಾಗಿ ತಲುಪಲೇ ಇಲ್ಲ. ನಮ್ಮ ತಲೆಮಾರಿಗೆ ಪ್ರಶ್ನೋತ್ತರ ಉಳಿಯಿತು, ಮೋಸಗಾರ ಕಾಣೆಯಾದ. ಪ್ರೋಗ್ರಾಮರುಗಳ ಭಾಷೆಯಲ್ಲಿ ಹೇಳುವುದಾದರೆ ಲೂಪಿನಿಂದ ಹೊರಗೆ ಬರುವ ಸಾಲನ್ನೇ ಅಳಿಸಿಹಾಕಿದರು.

ಎರಡನೆಯದು ಸಿನಿಮಾ. ಚಂದಮಾಮದ ನಾಗಿರೆಡ್ಡಿ, ಚಕ್ರಪಾಣಿಯವರೇ 1951ರಲ್ಲಿ ತೆಲುಗಿನಲ್ಲಿ ಪಾತಾಳ ಭೈರವಿ ತೆಗೆದರು. ಕೆ.ವಿ. ರೆಡ್ಡಿ ನಿರ್ದೇಶನ, ಎಸ್.ವಿ. ರಂಗಾರಾವ್ ನೇಪಾಳ ಮಾಂತ್ರಿಕ. ಬಲಿ ಕೊಡಲು ಕರೆತಂದವನ ಕೈಯಲ್ಲೇ ತಾನು ಬಲಿಯಾಗುವ ಮಾಂತ್ರಿಕ, ಅಂದರೆ ನಮ್ಮ ಕ್ಷಾಂತಿಶೀಲನ ತಮ್ಮನೇ. ಶಿಷ್ಯ ಅವನನ್ನು ಬದುಕಿಸುತ್ತಾನೆ, ಆಮೇಲೆ ಗಡ್ಡ ಬೋಳಿಸಿದಾಗ ಶಕ್ತಿ ಹೋಗುತ್ತದೆ. ಆ ಕಾಲದಲ್ಲಿ ಇಂಥ ಚಿತ್ರಗಳ ಒಂದು ದೊಡ್ಡ ಅಡ್ಡೆ ನಮ್ಮ ಮೈಸೂರೇ ಆಗಿತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠ್ಠಲಾಚಾರ್ಯ ಇಲ್ಲಿ ಕಟ್ಟಿದ ಮಹಾತ್ಮ ಪಿಕ್ಚರ್ಸ್ 1949ರಲ್ಲಿ ನಾಗಕನ್ನಿಕಾ, 1951ರಲ್ಲಿ ಜಗನ್ಮೋಹಿನಿ ತೆಗೆಯಿತು. ಜಗನ್ಮೋಹಿನಿಗೆ ಜನ ಮುಗಿಬಿದ್ದರು. ಉಡುಪಿ ಕಡೆಯ ಉದ್ಯಾವರದ ವಿಠ್ಠಲಾಚಾರ್ಯ ಮುಂದೆ ತೆಲುಗಿಗೆ ಹೋಗಿ ದೆವ್ವ, ಮಾಂತ್ರಿಕ, ಮಾಯೆಯ ಚಿತ್ರ ತೆಗೆದು ಜಾನಪದ ಬ್ರಹ್ಮ ಅನ್ನಿಸಿಕೊಂಡರು, 1999ರಲ್ಲಿ ತೀರಿಕೊಂಡರು. ಇಲ್ಲಿ ಕಾಲಕ್ರಮೇಣ ಸಾಮಾಜಿಕ ಚಿತ್ರಗಳ ಕಾಲ ಬಂತು, ಮಾಂತ್ರಿಕ ಮನೆಗೆ ಹೋದ.

ಹೋದವನು ವಾಪಸ್ಸು ಬಂದಾಗ ಪಾತ್ರವೇ ಬದಲಾಗಿತ್ತು. 2004ರ ಆಪ್ತಮಿತ್ರ ನೆನಪಿಸಿಕೊಳ್ಳಿ. ಅವಿನಾಶ್ ಮಾಡಿದ ಆಚಾರ್ಯರು ಖಳನಲ್ಲ, ಮನೋವೈದ್ಯನ ಜೊತೆಗಾರ. ಚಿತ್ರ ಸೊಗಸಾಗಿದೆ, ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಆದರೆ ಬದಲಾವಣೆ ಗಮನಿಸಿ. ಮೊದಲು ಪರದೆ ಮೇಲೆ ಗಡ್ಡದ ಮಾಂತ್ರಿಕ ಬಂದರೆ ನಾಯಕನ ಗತಿ ಏನಪ್ಪಾ ಅಂತ ಹೆದರುತ್ತಿದ್ದೆವು. ಈಗ ಬಂದರೆ "ಸದ್ಯ, ಬಂದರಲ್ಲ" ಅಂತ ಉಸಿರು ಬಿಡುತ್ತೇವೆ. ಇನ್ನು ಧಾರಾವಾಹಿಗಳ ವಿಷಯ ಕೇಳಲೇಬೇಡಿ. ಅಲ್ಲಿ ಅತ್ತೆಗೋ ನಾದಿನಿಗೋ ಸಿಟ್ಟು ಬಂದರೆ ಮಂತ್ರವಾದಿಗೆ ಕೆಲಸ ಹೊರಗುತ್ತಿಗೆ ಕೊಡುತ್ತಾಳೆ. ಅವನು ಹೇಳಿದ ದಿನಕ್ಕೆ ಸರಿಯಾಗಿ ಡೆಲಿವರಿ ಕೊಡುತ್ತಾನೆ. ಮಾಟ ಕೆಲಸ ಮಾಡುತ್ತೆ ಅಂತ ದಿನಾ ರಾತ್ರಿ ಪಾಠ!

ಮೂರನೆಯದು ನಾವೇ. ಓದಿದವರು, ಇಂಜಿನಿಯರುಗಳು, ಮಕ್ಕಳಿಗೆ ಸೈಂಟಿಫಿಕ್ ಆಗಿ ಬೆಳೆಸುತ್ತೇವೆ ಅನ್ನುವವರು. ಮಂತ್ರವಾದಿ ಕತೆ ಹೇಳಿದರೆ ಮಗು ಮೂಢನಂಬಿಕೆ ಕಲಿಯುತ್ತೆ ಅಂತ ಪುಸ್ತಕ ಮುಚ್ಚಿಡುತ್ತೇವೆ. ಅದೇ ಮನೆಯಲ್ಲಿ ಬೆಳಿಗ್ಗೆ ಟೀವಿ ಹಾಕಿದರೆ ರುದ್ರಾಕ್ಷಿ ಹಾಕಿಕೊಂಡವರೊಬ್ಬರು ದೋಷ, ಪರಿಹಾರ, ಫೋನ್ ನಂಬರು ಅಂತ ಶುರು ಮಾಡುತ್ತಾರೆ. ಅದನ್ನು ಯಾರೂ ಮುಚ್ಚುವುದಿಲ್ಲ. ಕತೆಯ ಮಂತ್ರವಾದಿಯನ್ನು ಹಿಂಬಾಗಿಲಿಂದ ಓಡಿಸಿ, ನಿಜವಾದವನಿಗೆ ಮುಂಬಾಗಿಲಲ್ಲಿ ಮಣೆ ಹಾಕಿದ್ದೇವೆ.

ಬಾಯಿ ಮಾತಿಗೆ ಹೇಳುತ್ತಿಲ್ಲ. ನನ್ನ ಸೋದರತ್ತೆಯೊಬ್ಬರು, ಹೆಸರು ಊರು ಬೇಡ. ಮಗಳ ಮದುವೆ ಮೂರು ವರ್ಷದಿಂದ ಕೂಡಿ ಬಂದಿರಲಿಲ್ಲ. ಯಾರೋ ಹೇಳಿದರು ಅಂತ ಒಬ್ಬನ ಹತ್ತಿರ ಹೋದರು. ಮೊದಲ ಸಲ ದುಡ್ಡು ಮುಟ್ಟಲಿಲ್ಲ, "ನಿಮ್ಮ ಕಷ್ಟ ನೋಡಿ ಹೇಳ್ತಿದೀನಮ್ಮ" ಅಂದ. ಎರಡನೇ ಸಲ ತಾಯಿತ, ಅದೂ ಉಚಿತ. ಆಮೇಲೆ ಅವನು ಹೇಳಿದ ಜಾಗದಲ್ಲೇ ಕಾಂಪೌಂಡಿನೊಳಗೆ ನಿಂಬೆಹಣ್ಣು ಸಿಕ್ಕಿತು (ಅವನಿಗೆ ಜಾಗ ಹೇಗೆ ಗೊತ್ತಾಯಿತು ಅಂತ ಯಾರೂ ಕೇಳಲಿಲ್ಲ). ಕೊನೆಗೆ ಬಂಗಾರಕ್ಕೆ ಅಂಟಿದ ದೋಷ ಕಳೆಯಬೇಕು ಅಂತ ನಾಲ್ಕು ಬಳೆ, ಒಂದು ಸರ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಸಿ ಪೂಜೆ ಮಾಡಿ ಕೊಟ್ಟ. 48 ದಿನ ಬಿಚ್ಚಬಾರದು, ಯಾರಿಗೂ ಹೇಳಬಾರದು. 49ನೇ ದಿನ ಬಿಚ್ಚಿದರೆ ಹೊಳೆಕಲ್ಲು. ಅವನ ಫೋನು ಸ್ವಿಚ್ ಆಫ್. ಮಾವ ಮರ್ಯಾದೆಗೆ ಅಂಜಿ ಪೊಲೀಸರ ಹತ್ತಿರ ಹೋಗಲಿಲ್ಲ. ಆ ಮನೆಯ ಅಟ್ಟದಲ್ಲಿ ಇವತ್ತಿಗೂ ಚಂದಮಾಮದ ಬೈಂಡು ಮಾಡಿಸಿದ ಸಂಪುಟಗಳಿವೆ. ಇಬ್ಬರು ಗಂಡುಮಕ್ಕಳೂ ಬಿಇ ಮಾಡಿದವರು.

ಉಚಿತ ಹಣ್ಣು. ಒಬ್ಬನೇ ಬಾ. ಮಾತಾಡಬೇಡ. ಬಗ್ಗು. ಕ್ಷಾಂತಿಶೀಲನ ನಾಲ್ಕೂ ಹೆಜ್ಜೆ ಇಲ್ಲಿವೆಯೋ ಇಲ್ಲವೋ ನೀವೇ ಹೇಳಿ. ಈಚಿನ ಡಿಜಿಟಲ್ ಅರೆಸ್ಟ್ ಮೋಸ ನೋಡಿ, ಉಚಿತ ಹಣ್ಣಿನ ಬದಲು ನಕಲಿ ಪೊಲೀಸು ಯೂನಿಫಾರಂ, ಉಳಿದದ್ದೆಲ್ಲ ಅದೇ: ಕೋಣೆಯ ಬಾಗಿಲು ಹಾಕಿಕೋ, ಮನೆಯವರಿಗೂ ಹೇಳಬೇಡ, ನಾನು ಹೇಳಿದಂತೆ ಮಾಡು.

"ಅದಕ್ಕೇ ಕಾನೂನು ಇದೆಯಲ್ಲ" ಅಂತ ಕೆಲವರು ಅನ್ನಬಹುದು. ಇದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕರ್ನಾಟಕದ ಕಾಯ್ದೆ 2017ರಲ್ಲಿ ಶಾಸನಸಭೆಯಲ್ಲಿ ಪಾಸಾಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಧಿ ಆಸೆಗೆ ಮಾಡುವ ವಾಮಾಚಾರವನ್ನೂ ಅದು ಹಿಡಿಯುತ್ತದೆ. ಸ್ವಾಗತ. ಆದರೆ ಜ್ಯೋತಿಷ್ಯ, ವಾಸ್ತುಗಳನ್ನು ಅದರಿಂದ ಹೊರಗಿಟ್ಟಿದ್ದಾರೆ, ಉಚಿತ ಹಣ್ಣು ಕೊಡುವ ಅಂಗಡಿ ಬಹುತೇಕ ಆ ಬೋರ್ಡಿನ ಕೆಳಗೇ ಇರುತ್ತದೆ. ಜೊತೆಗೆ ಕಾನೂನು ಬರುವುದು ತಲೆ ಉರುಳಿದ ಮೇಲೆ. ಪಕ್ಕದ ಕೇರಳದ ಇಳಂತೂರಿನಲ್ಲಿ 2022ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ ಪ್ರಕರಣ ನೆನಪಿದೆಯಲ್ಲ? ಸಿರಿವಂತಿಕೆ ಬರುತ್ತದೆಂದು ಇಬ್ಬರು ಮಹಿಳೆಯರನ್ನು ಬಲಿ ಕೊಟ್ಟ ಆರೋಪ. ದಂಪತಿಯ ಪರಿಚಯ, ವಿಶ್ವಾಸ ಗಳಿಸಿದ್ದು ಫೇಸ್‌ಬುಕ್ಕಿನ ನಕಲಿ ಖಾತೆಯ ಮೂಲಕ ಅಂತ ಪೊಲೀಸರು ಆಗ ಹೇಳಿದ್ದರು. ಸ್ಮಶಾನ ಈಗ ಮೊಬೈಲಿನೊಳಗೇ ಇದೆ.

ಈಗ ವಿಚಾರವಾದಿ ಮಿತ್ರರಿಗೆ ಒಂದು ಮಾತು. ನಾನು ನಿಮ್ಮ ಕಡೆಯವನೇ. ಆದರೆ "ಮಾಟ ಮಂತ್ರ ಎಲ್ಲ ಸುಳ್ಳು" ಅಂತ ಹೇಳಿದರೆ, ಹೆದರಿ ಕೂತ ಒಬ್ಬ ತಾಯಿಗೆ ಅದು ನಾಟುವುದಿಲ್ಲ. "ಒಂದು ವೇಳೆ ನಿಜವಾಗಿದ್ದರೆ?" ಅನ್ನುವ ಒಂದು ಎಳೆ ಅವಳ ಮನಸ್ಸಿನಲ್ಲಿ ಉಳಿದೇ ಇರುತ್ತೆ, ಮೋಸಗಾರ ಹಿಡಿದು ಎಳೆಯುವುದು ಆ ಎಳೆಯನ್ನೇ. ಹಳೆಯ ಕತೆಯ ಜಾಣತನ ನೋಡಿ. ಅದು ಆ ಜಗಳಕ್ಕೇ ಹೋಗುವುದಿಲ್ಲ. ಮಂತ್ರ ನಿಜ ಅಂತಲೇ ಇಟ್ಟುಕೋ, ಬೇತಾಳ ನಿಜ ಅಂತಲೇ ಇಟ್ಟುಕೋ. ಆದರೂ ಆ ಮನುಷ್ಯ ಅದನ್ನು ನಿನಗಾಗಿ ಮಾಡುತ್ತಿಲ್ಲ ಕಣಪ್ಪ, ಅವನಿಗೆ ಬೇಕಾಗಿರುವುದು ನಿನ್ನ ತಲೆ. ನಂಬುವವರಿಗೂ ನಂಬದವರಿಗೂ ಒಟ್ಟಿಗೇ ಕೆಲಸ ಮಾಡುವ ಪಾಠ ಇದು. ಹುಲಿ ಕತೆ ಕೇಳಿದ ಮಗು ಹುಲಿ ಹತ್ತಿರ ಹೋಗಲ್ಲ, ಹುಷಾರಾಗುತ್ತೆ. ಮಂತ್ರವಾದಿ ಕತೆಯೂ ಹಾಗೆಯೇ. ಕೊನೆಯವರೆಗೂ ಹೇಳಬೇಕು ಅಷ್ಟೇ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಮಕ್ಕಳಿಗೆ ಹ್ಯಾರಿ ಪಾಟರ್ ಕೊಡಿಸಿ, ಧಾರಾಳವಾಗಿ ಕೊಡಿಸಿ. ಜೊತೆಗೆ ಬೇತಾಳನ ಕತೆ ಹೇಳಿ, ಮತ್ತು ದಯವಿಟ್ಟು ರಾಜನನ್ನು ಸ್ಮಶಾನದವರೆಗೆ ತಲುಪಿಸಿ. ಆ ಯೋಗಿಯ ಮುಖ ತೋರಿಸಿ, ಅವನು ಕೊಟ್ಟ ಹಣ್ಣು ತೋರಿಸಿ, ಅವನು ಬಿದ್ದ ರೀತಿ ತೋರಿಸಿ. ಸಿನಿಮಾ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಸ್ವಾಮೀ, ನಮಗೆ ನಮ್ಮ ಕೆಟ್ಟ ಮಾಂತ್ರಿಕನನ್ನು ವಾಪಸ್ಸು ಕೊಡಿ. ಒಳ್ಳೆಯವನಾಗಿ ಬೇಡ, ಕೆಟ್ಟವನಾಗಿಯೇ ಕೊಡಿ.

ಬ್ಲಾಗಿಗರೇ, ನಿಮ್ಮ ನಿಮ್ಮ ಊರ ಕಡೆ ಮಂತ್ರವಾದಿ ಸೋಲುವ ಕತೆ ಇದ್ದೇ ಇರುತ್ತೆ. ಮಲೆನಾಡಿನಲ್ಲಿ ಒಂದು, ಕರಾವಳಿಯಲ್ಲಿ ಒಂದು, ಬಯಲುಸೀಮೆಯಲ್ಲಿ ಒಂದು. ಅಜ್ಜ ಅಜ್ಜಿ ಇನ್ನೂ ಇದ್ದರೆ ಈ ಭಾನುವಾರವೇ ಕೇಳಿ, ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಕೊನೆ ಸಮೇತ. ಲಿಂಕು ಕೊಟ್ಟರೆ ನಾನು ಬಂದು ಓದುತ್ತೇನೆ. ಅಷ್ಟರಲ್ಲಿ ಯಾರಾದರೂ ನಿಮ್ಮ ಮನೆಯವರನ್ನು "ಬಂಗಾರ ಗಂಟು ಕಟ್ಟಿ, 48 ದಿನ ಬಿಚ್ಚಬೇಡಿ" ಅಂದರೆ, ಹೇಳಬೇಕಾದ ಮಾತು ಒಂದೇ: ಸ್ವಾಮೀ, ಮೊದಲು ನಿಮ್ಮ ಮನೆ ಬಂಗಾರ ತಂದು ಗಂಟು ಕಟ್ಟಿ ತೋರಿಸಿ!

ಏನಂತೀರಿ?